ಹುಣಸೆಬೀಜ ಇಟ್ಟು ಪೋಕರ್: ಮೂರೆಲೆ ಬರುವವರಿಗೆ ಆಟದ ನಿಯಮಗಳು

ಇಸ್ಪೀಟು ಮುಟ್ಟೇ ಇಲ್ಲದವರಿಗೆ ಪೋಕರ್ ಕಲಿಸುವುದು ಸುಲಭ. ಮೂರೆಲೆ ಆಡಿ ಕೈ ಪಳಗಿದವರಿಗೆ ಕಲಿಸುವುದೇ ಕಷ್ಟ. "ಇದೂ ಅದೇ ಅಲ್ವಾ ಅತ್ತಿಗೆ, ಎರಡೆಲೆ ಜಾಸ್ತಿ ಅಷ್ಟೇ" ಅಂತ ನನ್ನ ದೊಡ್ಡ ಮೈದುನ ಕೂರುವ ಮೊದಲೇ ತೀರ್ಪು ಕೊಟ್ಟಿದ್ದ. ಅದೇ ಅಲ್ಲ. ಮೂರೆಲೆಯಲ್ಲಿ ಬಂದ ಎಲೆಯೆಲ್ಲ ನಿಮ್ಮದೇ, ಒಂದೇ ಸಲಕ್ಕೆ ಬಂದು ಮುಗಿಯುತ್ತದೆ. ಪೋಕರ್‌ನಲ್ಲಿ ನಿಮ್ಮ ಕೈಯಲ್ಲಿರುವುದು ಎರಡೇ. ಉಳಿದ ಐದು ಎಲ್ಲರ ಕಣ್ಣೆದುರು ನಡುವೆ ಬೀಳುತ್ತವೆ, ಅವು ಎಲ್ಲರಿಗೂ ಸೇರಿದ್ದು. ಹಾಗಾಗಿ ಎದುರಿನವನ ಕೈಯಲ್ಲಿ ಏನಿರಬಹುದು ಅಂತ ಊಹಿಸುವುದಕ್ಕೆ ಇಲ್ಲಿ ದಾರಿ ಇದೆ. ಮೂರೆಲೆಯಲ್ಲಿ ಅವನ ಮುಖ ನೋಡುವುದು ಬಿಟ್ಟರೆ ಬೇರೆ ದಾರಿ ಕಡಿಮೆ.

ನಾನು ಗುಬ್ಬಿಯವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ಮಗಳು ಬೆಂಗಳೂರಿನ ಪಿಜಿಯಲ್ಲಿದ್ದಾಗ ಗೆಳತಿಯರಿಂದ ಕಲಿತಳು, ಅವಳಿಂದ ನಾನು. ನಮ್ಮ ಕಡೆ ಯುಗಾದಿ ಅಂದರೆ ಇಸ್ಪೀಟು. ಮಾರನೇ ದಿನ ಹೊಸತೊಡಕು ಅಂದರೆ ಬಾಡೂಟದ ಜೊತೆ ಇಸ್ಪೀಟು. ಗಂಡಸರು ತೋಪಿನಲ್ಲಿ ಕೂತು ಅಂದರ್ ಬಾಹರ್ ಆಡಿ ಜೇಬು ಖಾಲಿ ಮಾಡಿಕೊಂಡು ಬರುವುದು, ಮನೆಯಲ್ಲಿ ರಂಪ ಆಗುವುದು ಎಲ್ಲಾ ಊರಲ್ಲೂ ಇದ್ದದ್ದೇ. ನಮ್ಮ ಮನೆಯವರನ್ನಾದರೂ ಹಜಾರದಲ್ಲೇ ಕೂರಿಸೋಣ ಅಂತ ನಾನು ಇದನ್ನು ಶುರು ಮಾಡಿದ್ದು.

ಪೋಕರ್‌ನಲ್ಲೂ ಹಲವು ಬಗೆ ಇವೆ. ಇಲ್ಲಿ ಹೇಳುವುದು ಟೆಕ್ಸಾಸ್ ಹೋಲ್ಡೆಮ್, ಈಗ ಹೆಚ್ಚು ಜನ ಆಡುವುದು ಇದನ್ನೇ. 1970ರಲ್ಲಿ ಲಾಸ್ ವೇಗಸ್‌ನಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯವೂ ಈ ಆಟದ್ದೇ. 2003ರಲ್ಲಿ ಅದನ್ನು ಗೆದ್ದು 25 ಲಕ್ಷ ಡಾಲರ್ ತಗೊಂಡವನು ಒಬ್ಬ ಅಕೌಂಟೆಂಟ್. ಅವನ ಹೆಸರು ಕ್ರಿಸ್ ಮನಿಮೇಕರ್. ನಾನು ಹುಟ್ಟಿಸಿದ ಹೆಸರಲ್ಲ, ನಿಜವಾಗಲೂ ಅವನ ಮನೆತನದ ಹೆಸರೇ ಅದು.

ಬೇಕಾಗುವ ಸಾಮಾನು

ಒಂದು ಕಟ್ಟು ಇಸ್ಪೀಟು, 52 ಎಲೆ. ಜೋಕರ್ ತೆಗೆದಿಡಿ. ರಮ್ಮಿ ಆಡಿ ಎರಡು ಕಟ್ಟು ಬೆರೆತು ಹೋಗಿದ್ದರೆ ಮೊದಲು ಬೇರೆ ಮಾಡಿ ಎಣಿಸಿ. ಮೂಲೆ ಮಡಚಿದ ಹಳೇ ಕಟ್ಟು ಬೇಡ. ಮಡಚಿದ್ದು ಯಾವ ಎಲೆ ಅಂತ ಅರ್ಧ ಗಂಟೆಯೊಳಗೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಗೊತ್ತಿಲ್ಲದ ಹಾಗೆ ಸುಮ್ನೆ ಕೂತಿರುತ್ತಾರೆ.

ಚಿಪ್ಸ್ ಬದಲು ಹುಣಸೆಬೀಜ. ಯುಗಾದಿ ಹೊತ್ತಿಗೆ ನಮ್ಮ ತುಮಕೂರು ಸೀಮೆಯಲ್ಲಿ ಹೊಸ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸ ನಡೆದಿರುತ್ತದೆ, ಬೀಜಕ್ಕೆ ಬರ ಇಲ್ಲ. ಒಂದು ಮೊರದಷ್ಟು ಬೀಜವನ್ನು ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಬಿಸಿಲಿಗೆ ಹಾಕಿ. ಹಣ್ಣಿನ ಅಂಟು ಉಳಿದರೆ ಎರಡು ಬೀಜ ಕಚ್ಚಿಕೊಂಡು ಒಂದೇ ಲೆಕ್ಕಕ್ಕೆ ಹೋಗುತ್ತವೆ, ಜಗಳ ಅಲ್ಲಿಂದಲೇ ಶುರು. ಹುರಿಯಬೇಡಿ, ಸಿಪ್ಪೆ ಬಿಟ್ಟು ಜಮಖಾನದ ತುಂಬಾ ಉದುರುತ್ತದೆ. ಚೌಕಾಬಾರಕ್ಕೆ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿಟ್ಟ ಬೀಜ ಇದ್ದರೆ ಅವನ್ನು ಇದರಲ್ಲಿ ಸೇರಿಸಬೇಡಿ, ಮಕ್ಕಳು ಅಳುತ್ತಾರೆ.

ಒಂದು ಬೀಜಕ್ಕೆ 1, ಒಂದು ಗೋಟಡಿಕೆಗೆ 5 ಅಂತ ಲೆಕ್ಕ. ತಲೆಗೆ 40 ಬೀಜ, 12 ಅಡಿಕೆ. ಒಟ್ಟು 100. ಆರು ಜನಕ್ಕೆ 240 ಬೀಜ, 72 ಅಡಿಕೆ ಬೇಕು. ಅಡಿಕೆ ಮಾತ್ರ ಎಣಿಸಿ ಕೊಟ್ಟು ಎಣಿಸಿ ವಾಪಸು ತಗೊಳ್ಳಿ. ನಮ್ಮತ್ತೆಯವರಂಥವರು ಆಟದಲ್ಲಿ ಕೂತರೆ ಪಣದ ಅಡಿಕೆ ಎಲೆ ಸುಣ್ಣದ ಜೊತೆ ಬಾಯಿಗೆ ಹೋಗುತ್ತದೆ.

ದುಡ್ಡು ಯಾಕಿಲ್ಲ ಅಂದರೆ, ನಮ್ಮ ಹಜಾರದಲ್ಲಿ ಪಿಯುಸಿ ಓದುವ ಮಕ್ಕಳೂ ಕೂರುತ್ತಾರೆ. ತೋಪು, ಬೀದಿ ಅಂತ ಸಾರ್ವಜನಿಕ ಜಾಗದಲ್ಲಿ ದುಡ್ಡಿಟ್ಟು ಜೂಜಾಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಮೊಬೈಲಿನಲ್ಲಿ ಆಡೋಣ ಅಂದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಅದರಲ್ಲಿ ಕೌಶಲದ ಆಟ, ಅದೃಷ್ಟದ ಆಟ ಅನ್ನುವ ಭೇದ ಇಲ್ಲ. ಬೀಜದ ಮೇಲೆ ಯಾರ ಕಣ್ಣೂ ಇಲ್ಲ.

ಕೊನೆಗೆ ಒಂದು ಸೋಡಾ ಬಾಟಲಿ ಮುಚ್ಚಳ. ಇದು ಡೀಲರ್ ಬಟನ್, ಯಾರು ಎಲೆ ಹಂಚುವವರೋ ಅವರ ಮುಂದೆ ಇರಬೇಕು. ಕೊಬ್ಬರಿ ಚೂರು ಇಟ್ಟು ನೋಡಿದೆವು, ಎರಡನೇ ಆಟಕ್ಕೆ ಇರಲಿಲ್ಲ.

ಮೊದಲು ಬೀಜ, ಆಮೇಲೆ ಎಲೆ

ಮೂರೆಲೆಯಲ್ಲಿ ಆಟಕ್ಕೆ ಮೊದಲು ಎಲ್ಲರೂ ಬೂಟ್ ಹಾಕುತ್ತೀರಿ. ಇಲ್ಲಿ ಎಲ್ಲರೂ ಹಾಕುವುದಿಲ್ಲ, ಇಬ್ಬರೇ ಹಾಕುವುದು. ಬಟನ್ ಇರುವವರ ಎಡಕ್ಕೆ ಕೂತವರು ಸ್ಮಾಲ್ ಬ್ಲೈಂಡ್, 1 ಬೀಜ. ಅವರ ಎಡಗಡೆಯವರು ಬಿಗ್ ಬ್ಲೈಂಡ್, 2 ಬೀಜ. ಎಲೆ ನೋಡುವ ಮೊದಲೇ ಇಡಬೇಕು, ಬೇಡ ಅನ್ನುವ ಹಾಗಿಲ್ಲ. ಒಂದಾಟ ಮುಗಿದ ಮೇಲೆ ಮುಚ್ಚಳ ಒಂದು ಜಾಗ ಎಡಕ್ಕೆ ಸರಿಯುತ್ತದೆ, ಅದರ ಜೊತೆ ಬ್ಲೈಂಡೂ ಸರಿಯುತ್ತದೆ. ಹೀಗೆ ಎಲ್ಲರಿಗೂ ಸರದಿ ಬರುತ್ತದೆ. ಮೂರೆಲೆಯ ಹಾಗೆ ಎಲೆ ನೋಡದೆ ಬ್ಲೈಂಡ್ ಆಡಿದರೆ ಅರ್ಧ ಕೊಟ್ಟರೆ ಸಾಕು ಅನ್ನುವ ರಿಯಾಯಿತಿ ಪೋಕರ್‌ನಲ್ಲಿ ಇಲ್ಲ. ಎಲೆ ನೋಡಿ, ಆಮೇಲೆ ಆಡಿ.

ಕಲಸಿ, ಬಲಗಡೆಯವರಿಂದ ಕಟ್ ಮಾಡಿಸಿ, ಸ್ಮಾಲ್ ಬ್ಲೈಂಡ್‌ನಿಂದ ಶುರು ಮಾಡಿ ಒಂದೊಂದಾಗಿ ಎರಡು ಸುತ್ತು ಹಂಚಿ. ಎಲ್ಲರಿಗೂ ಎರಡೆರಡು, ಮುಚ್ಚಿದ ಎಲೆ. ನೆಲಕ್ಕೆ ಒತ್ತಿ ಹಿಡಿದು ಮೂಲೆ ಮಾತ್ರ ಎತ್ತಿ ನೋಡುವುದು ರೂಢಿ. ಎದೆ ಮಟ್ಟಕ್ಕೆ ಎತ್ತಿ ಹಿಡಿದರೆ ಪಕ್ಕದವರಿಗೆ ದರ್ಶನ.

ಈಗ ಮೊದಲ ಸುತ್ತಿನ ಪಣ. ಬಿಗ್ ಬ್ಲೈಂಡ್‌ನ ಎಡಗಡೆಯವರಿಂದ ಶುರು. ಅವರ ಮುಂದೆ ಮೂರು ದಾರಿ. 2 ಬೀಜ ಇಟ್ಟು ಆಟದಲ್ಲಿ ಉಳಿಯುವುದು ಕಾಲ್. ಅದಕ್ಕಿಂತ ಜಾಸ್ತಿ ಇಡುವುದು ರೇಸ್. ಎಲೆ ಬಿಟ್ಟು ಸುಮ್ಮನಾಗುವುದು ಫೋಲ್ಡ್, ನೀವು ಪ್ಯಾಕ್ ಅನ್ನುತ್ತೀರಲ್ಲ, ಅದು. ಹೀಗೇ ಸುತ್ತು ಹೋಗಿ ಬಿಗ್ ಬ್ಲೈಂಡ್‌ವರೆಗೆ ಬರುತ್ತದೆ. ಯಾರೂ ಏರಿಸದೆ ಬಂದಿದ್ದರೆ ಬಿಗ್ ಬ್ಲೈಂಡ್‌ನವರು ಸುಮ್ನೆ ಮುಂದಕ್ಕೆ ಬಿಡಬಹುದು, ಇಲ್ಲಾ ತಾವೇ ಏರಿಸಬಹುದು. ಆಟದಲ್ಲಿ ಉಳಿದವರೆಲ್ಲ ಒಂದೇ ಮೊತ್ತ ಇಟ್ಟಾಗ ಸುತ್ತು ಮುಗಿಯಿತು.

ನಡುವಿನ ರಾಶಿಗೆ ಪಾಟ್ ಅನ್ನುತ್ತಾರೆ. ನಾವು ರಾಶಿ ಅಂತಲೇ ಅನ್ನುತ್ತೇವೆ.

ಆಮೇಲೆ ಹಂಚುವವರು ಮೇಲಿನ ಒಂದೆಲೆ ಮುಚ್ಚಿಯೇ ಪಕ್ಕಕ್ಕೆ ಎಸೆದು, ಮೂರು ಎಲೆ ನಡುವೆ ತೆರೆದು ಹಾಕುತ್ತಾರೆ. ಇದು ಫ್ಲಾಪ್. ಆ ಒಂದೆಲೆ ಎಸೆಯುವುದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕಟ್ಟಿನ ಮೇಲಿನ ಎಲೆಯ ಬೆನ್ನಿಗೆ ಗುರುತಿದ್ದು ಯಾರಾದರೂ ಹಿಡಿದಿದ್ದರೆ ಆ ಲಾಭ ಸಿಗದಿರಲಿ ಅಂತ. ಫ್ಲಾಪ್ ನೋಡಿ ಇನ್ನೊಂದು ಸುತ್ತು ಪಣ. ಮತ್ತೆ ಒಂದೆಲೆ ಎಸೆದು ನಾಲ್ಕನೇ ಎಲೆ, ಅದು ಟರ್ನ್. ಪಣ. ಮತ್ತೆ ಒಂದೆಲೆ ಎಸೆದು ಐದನೇ ಎಲೆ, ರಿವರ್. ಕೊನೇ ಪಣ. ಇನ್ನೂ ಇಬ್ಬರು ಅಥವಾ ಜಾಸ್ತಿ ಜನ ಉಳಿದಿದ್ದರೆ ಎಲೆ ತೋರಿಸುವುದು.

ಫ್ಲಾಪ್‌ನಿಂದ ಮುಂದೆ ಪ್ರತಿ ಸುತ್ತೂ ಶುರುವಾಗುವುದು ಬಟನ್‌ನ ಎಡಕ್ಕೆ ಆಟದಲ್ಲಿ ಉಳಿದಿರುವ ಮೊದಲನೆಯವರಿಂದ. ಬಟನ್ ಇರುವವರು ಕೊನೆಗೆ ಮಾತಾಡುತ್ತಾರೆ. ಎಲ್ಲರೂ ಏನು ಮಾಡಿದರು ಅಂತ ನೋಡಿ ತೀರ್ಮಾನ ಮಾಡುವ ಈ ಜಾಗ ಚಿನ್ನದಂಥದ್ದು. ಅದೇ ಎರಡೆಲೆ ಬಟನ್‌ನಲ್ಲಿ ಕೂತಾಗ ಆಡಬಹುದು, ಮೊದಲ ಜಾಗದಲ್ಲಿ ಕೂತಾಗ ಬಿಡಬೇಕಾಗುತ್ತದೆ.

ಈ ಸುತ್ತುಗಳಲ್ಲಿ ಯಾರೂ ಇನ್ನೂ ಏನೂ ಇಟ್ಟಿಲ್ಲ ಅಂದರೆ ನೀವು ಚೆಕ್ ಅನ್ನಬಹುದು. ಅಂದರೆ ನಾನು ಏನೂ ಇಡುವುದಿಲ್ಲ, ಆದರೆ ಆಟದಲ್ಲಿದ್ದೇನೆ ಅಂತ. ನೆಲಕ್ಕೆ ಎರಡು ಸಲ ಬೆರಳು ಕುಟ್ಟಿದರೂ ಚೆಕ್. ಮೂರೆಲೆಯವರಿಗೆ ಇದು ನುಂಗಲಾಗದ ತುತ್ತು. ದುಡ್ಡು ಹಾಕದೆ ಆಟದಲ್ಲಿ ಉಳಿಯುವುದು ಅವರಿಗೆ ಮೋಸದ ಹಾಗೆ ಕಾಣುತ್ತದೆ. ಮೋಸ ಅಲ್ಲ, ನಿಯಮ. ಯಾರಾದರೂ ಪಣ ಇಟ್ಟ ಮೇಲೆ ಮಾತ್ರ ಚೆಕ್ ಇಲ್ಲ, ಕಾಲ್, ರೇಸ್, ಫೋಲ್ಡ್ ಮೂರರಲ್ಲಿ ಒಂದು.

ಏರಿಸುವುದಕ್ಕೂ ಲೆಕ್ಕ ಇದೆ. ಹಿಂದಿನವರು ಎಷ್ಟು ಏರಿಸಿದರೋ ಕಡಿಮೆ ಅಂದರೂ ಅಷ್ಟು ಏರಿಸಬೇಕು. ಒಬ್ಬರು 5 ಇಟ್ಟರೆ ನೀವು ಕನಿಷ್ಠ 10 ಮಾಡಬೇಕು. 5 ಇದ್ದದ್ದನ್ನು ಇನ್ನೊಬ್ಬರು 15 ಮಾಡಿದರೆ ಏರಿದ್ದು 10, ಮುಂದಿನವರು ಏರಿಸುವುದಾದರೆ ಕನಿಷ್ಠ 25. ಮೇಲಿನ ಮಿತಿ ಇಲ್ಲ. ಮುಂದೆ ಇರುವ ಬೀಜವನ್ನೆಲ್ಲ ಒಟ್ಟಿಗೆ ನೂಕಬಹುದು, ಅದು ಆಲ್ ಇನ್. ಆದರೆ ಆಟದ ಮಧ್ಯೆ ಅಡುಗೆಮನೆಗೆ ಹೋಗಿ ಇನ್ನಷ್ಟು ಬೀಜ ತರುವ ಹಾಗಿಲ್ಲ.

ಯಾವುದು ದೊಡ್ಡದು

ಕೊನೆಗೆ ತೋರಿಸುವಾಗ ನಿಮ್ಮ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮವಾದ ಐದು ನಿಮ್ಮ ಕೈ. ನಿಮ್ಮ ಎರಡನ್ನೂ ಬಳಸಬಹುದು, ಒಂದನ್ನೇ ಬಳಸಬಹುದು, ಎರಡನ್ನೂ ಬಿಟ್ಟು ನಡುವಿನ ಐದನ್ನೇ ಇಟ್ಟುಕೊಳ್ಳಬಹುದು.

52 ಎಲೆಯಲ್ಲಿ ಐದೆಲೆ ಆರಿಸುವುದಕ್ಕೆ 25,98,960 ಬಗೆ ಇವೆ. ಯಾವುದು ಅಪರೂಪವೋ ಅದು ದೊಡ್ಡದು, ಬಾಯಿಪಾಠ ಮಾಡುವ ಬದಲು ಇದನ್ನು ಹಿಡಿದುಕೊಳ್ಳಿ. ಎಲ್ಲಕ್ಕಿಂತ ಮೇಲೆ ರಾಯಲ್ ಫ್ಲಷ್, ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ಇಸ್ಪೀಟ್, ಆಟೀನ್, ಕಳಾವರ್, ಡೈಮಂಡ್ ಜಾತಿಗೊಂದರಂತೆ ಇಡೀ ಲೆಕ್ಕದಲ್ಲಿ 4. ಅದರ ಕೆಳಗೆ ಸ್ಟ್ರೈಟ್ ಫ್ಲಷ್, ಒಂದೇ ಜಾತಿಯ ಬೇರೆ ಯಾವುದೇ ಐದರ ಸಾಲು, 36. ಆಮೇಲೆ ಫೋರ್ ಆಫ್ ಎ ಕೈಂಡ್, ನಾಲ್ಕು ರಾಜ ಅಥವಾ ನಾಲ್ಕು ಏಳು ಹೀಗೆ, 624. ಆಮೇಲೆ ಫುಲ್ ಹೌಸ್, ಮೂರು ಒಂದೇ, ಎರಡು ಇನ್ನೊಂದೇ. ಅಂದರೆ ಮೂರು ರಾಣಿ, ಎರಡು ಆರು. ಇದು 3,744.

ಮೇಷ್ಟ್ರ ಬುದ್ಧಿ ಬಿಡುವುದಿಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಮೂರೆಲೆಯಲ್ಲಿ ಜೋಡಿ ಬೀಳುವ ಬಗೆಗಳೂ ಸರಿಯಾಗಿ 3,744. ಎರಡು ಕಡೆಯೂ ಒಂದು ಅಂಕಿಯ ನಾಲ್ಕೆಲೆಯಲ್ಲಿ ಎರಡನ್ನು ಆರಿಸಬೇಕು. ಇನ್ನೊಂದು ಅಂಕಿಯ ನಾಲ್ಕರಲ್ಲಿ ಅಲ್ಲಿ ಒಂದನ್ನು, ಇಲ್ಲಿ ಮೂರನ್ನು ಆರಿಸಬೇಕು. ನಾಲ್ಕರಲ್ಲಿ ಒಂದನ್ನು ಎತ್ತಿಕೊಳ್ಳುವುದಕ್ಕೂ ಒಂದನ್ನು ಬಿಡುವುದಕ್ಕೂ ನಾಲ್ಕೇ ಬಗೆ. ಬೇಕಿದ್ದರೆ ಕೂತು ಗುಣಿಸಿ ನೋಡಿ.

ಈಗ ಎಲ್ಲರೂ ಎಡವುವ ಜಾಗ. ಫುಲ್ ಹೌಸ್ ಕೆಳಗೆ ಫ್ಲಷ್, ಅದರ ಕೆಳಗೆ ಸ್ಟ್ರೈಟ್. ಅಂದರೆ ನಿಮ್ಮ ಭಾಷೆಯಲ್ಲಿ ಕಲರ್ ಮೇಲೆ, ಸೀಕ್ವೆನ್ಸ್ ಕೆಳಗೆ. ಮೂರೆಲೆಯಲ್ಲಿ ಇದು ತಲೆಕೆಳಗು. ಇಲ್ಲಿ ಯಾರೂ ತಮಗೆ ತೋಚಿದಂತೆ ನಿಯಮ ಮಾಡಿಲ್ಲ, ಲೆಕ್ಕವೇ ಹಾಗಿದೆ. ಮೂರೆಲೆಯ ಒಟ್ಟು 22,100 ಬಗೆಯಲ್ಲಿ ಸೀಕ್ವೆನ್ಸ್ 720, ಕಲರ್ 1,096. ಸೀಕ್ವೆನ್ಸ್ ಕಷ್ಟ, ಹಾಗಾಗಿ ಅದೇ ದೊಡ್ಡದು. ಐದೆಲೆಗೆ ಬಂದರೆ ಫ್ಲಷ್ 5,108, ಸ್ಟ್ರೈಟ್ 10,200. ಐದೂ ಒಂದೇ ಜಾತಿ ಬೀಳುವುದು ಸಾಲಾಗಿ ಬೀಳುವುದಕ್ಕಿಂತ ಕಷ್ಟ. ಇನ್ನೂ ಒಂದು ವಿಷಯ, ಮೂರೆಲೆಯಲ್ಲಿ ಟ್ರಯಲ್ 52 ಬಗೆ, ಪ್ಯೂರ್ ಸೀಕ್ವೆನ್ಸ್ 48 ಬಗೆ. ಲೆಕ್ಕದ ಪ್ರಕಾರ ಪ್ಯೂರ್ ಸೀಕ್ವೆನ್ಸೇ ಮೇಲಿರಬೇಕಿತ್ತು. ಆದರೂ ಟ್ರಯಲ್‌ಗೇ ಪಟ್ಟ. ಪೋಕರ್‌ನಲ್ಲಿ ಅಂಥ ಮುಲಾಜಿಲ್ಲ.

ಸ್ಟ್ರೈಟ್‌ನಲ್ಲಿ ಎಕ್ಕ ಎರಡು ಕಡೆಗೂ ಹೋಗುತ್ತದೆ. ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಎಲ್ಲಕ್ಕಿಂತ ದೊಡ್ಡ ಸಾಲು. ಎಕ್ಕ, ಎರಡು, ಮೂರು, ನಾಲ್ಕು, ಐದು ಎಲ್ಲಕ್ಕಿಂತ ಚಿಕ್ಕದು. ಮೂರೆಲೆಯಲ್ಲಿ ಎಕ್ಕ ಎರಡು ಮೂರಕ್ಕೆ ಎರಡನೇ ಸ್ಥಾನ ಕೊಡುತ್ತಾರಲ್ಲ, ಅದನ್ನು ಇಲ್ಲಿ ತರಬೇಡಿ. ರಾಣಿ, ರಾಜ, ಎಕ್ಕ, ಎರಡು, ಮೂರು ಅಂತ ಸುತ್ತು ಹಾಕಿಕೊಂಡು ಬಂದರೆ ಅದು ಸಾಲೇ ಅಲ್ಲ.

ಉಳಿದದ್ದು ಸಲೀಸು. ಮೂರು ಒಂದೇ ಅಂಕಿ 54,912. ಎರಡು ಜೋಡಿ 1,23,552. ಒಂದು ಜೋಡಿ 10,98,240. ಏನೂ ಇಲ್ಲದ್ದು 13,02,540, ಆಗ ದೊಡ್ಡ ಎಲೆ ಇದ್ದವರದ್ದೇ ಮೇಲೆ. ಏಳರಲ್ಲಿ ಆರಿಸುವುದರಿಂದ ನಿಜವಾದ ಆಟದಲ್ಲಿ ಸಂಖ್ಯೆಗಳು ಬದಲಾಗುತ್ತವೆ, ಕ್ರಮ ಮಾತ್ರ ಇದೇ. ಜಾತಿಗಳಲ್ಲಿ ಮೇಲು ಕೀಳು ಇಲ್ಲ. ಇಸ್ಪೀಟ್ ಎಕ್ಕಕ್ಕೂ ಡೈಮಂಡ್ ಎಕ್ಕಕ್ಕೂ ಒಂದೇ ಬೆಲೆ.

ಒಂದಾಟ ಪೂರ್ತಿ

ನಾಲ್ವರು ಕೂತಿದ್ದೇವೆ ಅಂದುಕೊಳ್ಳಿ. ಬಟನ್ ದೊಡ್ಡ ಮೈದುನನ ಮುಂದೆ. ಓರಗಿತ್ತಿ ಸ್ಮಾಲ್ ಬ್ಲೈಂಡ್, 1. ನಮ್ಮ ಯಜಮಾನರು ಬಿಗ್ ಬ್ಲೈಂಡ್, 2. ಮೊದಲ ಮಾತು ನನ್ನದು.

ನನಗೆ ಬಂದದ್ದು ಆಟೀನ್ ಎಕ್ಕ, ಆಟೀನ್ ಏಳು. 6ಕ್ಕೆ ಏರಿಸಿದೆ. ಮೈದುನ ಒಂದು ಅಡಿಕೆ, ಒಂದು ಬೀಜ ಇಟ್ಟು ಕಾಲ್ ಅಂದ. ಓರಗಿತ್ತಿ ಬಿಟ್ಟಳು, ಅವಳ 1 ಹೋಯಿತು. ಯಜಮಾನರು ಇನ್ನು 4 ಸೇರಿಸಿ ಉಳಿದರು. ರಾಶಿಯಲ್ಲಿ 19.

ಫ್ಲಾಪ್: ಆಟೀನ್ ರಾಜ, ಕಳಾವರ್ ಒಂಬತ್ತು, ಆಟೀನ್ ನಾಲ್ಕು. ಯಜಮಾನರು ಚೆಕ್. ನನ್ನ ಹತ್ತಿರ ನಾಲ್ಕು ಆಟೀನ್ ಆಯಿತು, ಇನ್ನೊಂದು ಬಂದರೆ ಫ್ಲಷ್. 8 ಇಟ್ಟೆ. ಮೈದುನ ಕಾಲ್. ಯಜಮಾನರು ಬಿಟ್ಟರು. ರಾಶಿ 35.

ಟರ್ನ್: ಇಸ್ಪೀಟ್ ಹತ್ತು. ನನಗೆ ಉಪಯೋಗ ಇಲ್ಲ. ಚೆಕ್ ಅಂದೆ. ಮೈದುನ ಮೀಸೆ ಮುಟ್ಟಿಕೊಂಡು ಎರಡು ಅಡಿಕೆ ಮುಂದೆ ನೂಕಿದ, 10. ಈಗ ಲೆಕ್ಕ ಹಾಕಬೇಕು. ಒಟ್ಟು 13 ಆಟೀನ್‌ನಲ್ಲಿ 4 ಕಂಡಿವೆ, ಉಳಿದದ್ದು 9. ನಾನು ನೋಡದ ಎಲೆ 46. ಅಂದರೆ ಐದು ಸಲಕ್ಕೆ ಒಂದು ಸಲ ಆಟೀನ್ ಬರುತ್ತದೆ. ರಾಶಿಯಲ್ಲಿ 45 ಇದೆ, ನಾನು ಕೊಡಬೇಕಾದದ್ದು 10. ಐದು ಸಲ ಹತ್ತತ್ತು ಕೊಟ್ಟರೆ ನಾಲ್ಕು ಸಲ ಸೇರಿ 40 ಹೋಗುತ್ತದೆ, ಒಂದು ಸಲ 45 ಬರುತ್ತದೆ. ಕೊಡಬಹುದು. ಅವನು 15 ಇಟ್ಟಿದ್ದರೆ 60 ಹೋಗಿ 50 ಬರುತ್ತಿತ್ತು, ಬರೀ ರಾಶಿಯ ಲೆಕ್ಕದಲ್ಲಿ ಬಿಡಬೇಕಿತ್ತು. ಈ ಗುಣಾಕಾರ ಒಂದು ಬಂದರೆ ಪೋಕರ್ ಅರ್ಧ ಬಂದ ಹಾಗೆ. ಕಾಲ್. ರಾಶಿ 55.

ರಿವರ್: ಆಟೀನ್ ಎರಡು. ನಾನು 20 ಇಟ್ಟೆ. ಮೈದುನ ಯೋಚನೆಯನ್ನೇ ಮಾಡದೆ 20 ಸುರಿದು, ಇಸ್ಪೀಟ್ ರಾಣಿ, ಡೈಮಂಡ್ ಗುಲಾಮ ತಟ್ಟಿ ಹಾಕಿ "ಸೀಕ್ವೆನ್ಸ್!" ಅಂದ. ಒಂಬತ್ತರಿಂದ ರಾಜನವರೆಗೆ ಸಾಲು, ಸರಿಯೇ. ಎರಡೂ ಕೈಯಿಂದ ರಾಶಿ ಬಾಚಿಕೊಳ್ಳುವುದಕ್ಕೆ ಹೋದ. ನಾನು ಎಕ್ಕ, ಏಳು ಇಟ್ಟೆ. ನಡುವಿನ ರಾಜ, ನಾಲ್ಕು, ಎರಡು ಸೇರಿ ಐದು ಆಟೀನ್. 95 ಬೀಜ ನನ್ನ ಕಡೆ ಬಂತು. "ಇದ್ಯಾವ ಸೀಮೆ ನ್ಯಾಯ ಅತ್ತಿಗೆ" ಅಂತ ಅವನು ಬಾಡು ಬೇಯುವವರೆಗೂ ಗೊಣಗುತ್ತಲೇ ಇದ್ದ. ಮೇಲಿನ 5,108 ಮತ್ತು 10,200ರ ಲೆಕ್ಕ ಅವನಿಗೆ ಆಗ ಬರೆದು ತೋರಿಸಿದ್ದು.

ಜಗಳ ಬರುವ ಜಾಗಗಳು

ಇಬ್ಬರಿಗೂ ಒಂದೇ ಜೋಡಿ ಬಂದರೆ ಉಳಿದ ಎಲೆ ನೋಡಬೇಕು. ನಡುವೆ ಎಕ್ಕ, ಗುಲಾಮ, ಒಂಬತ್ತು, ಆರು, ಮೂರು ಬಿದ್ದಿದೆ. ನಿಮ್ಮ ಹತ್ತಿರ ಎಕ್ಕ ರಾಜ, ಅವರ ಹತ್ತಿರ ಎಕ್ಕ ಎಂಟು. ಇಬ್ಬರಿಗೂ ಎಕ್ಕದ ಜೋಡಿ, ಆದರೆ ನಿಮ್ಮ ಮೂರನೇ ಎಲೆ ರಾಜ, ಅವರದ್ದು ಗುಲಾಮ. ನೀವು ಗೆದ್ದಿರಿ. ಈ ಪಕ್ಕದ ಎಲೆಗೆ ಕಿಕರ್ ಅನ್ನುತ್ತಾರೆ. ನಡುವೆ ಎಕ್ಕ, ರಾಜ, ರಾಣಿ, ಗುಲಾಮ, ನಾಲ್ಕು ಇದ್ದು, ನಿಮ್ಮದು ಎಕ್ಕ ಒಂಬತ್ತು, ಅವರದ್ದು ಎಕ್ಕ ಎಂಟು ಆದರೆ? ಇಬ್ಬರ ಐದೆಲೆಯೂ ಎಕ್ಕ, ಎಕ್ಕ, ರಾಜ, ರಾಣಿ, ಗುಲಾಮ. ನಿಮ್ಮ ಒಂಬತ್ತು ಆ ಐದರೊಳಗೆ ಬರುವುದೇ ಇಲ್ಲ. ರಾಶಿ ಅರ್ಧರ್ಧ. ಒಂದು ಬೀಜ ಮಿಕ್ಕಿದರೆ ಬಟನ್‌ನ ಎಡಕ್ಕೆ ಹತ್ತಿರ ಕೂತವರಿಗೆ.

ಆಲ್ ಇನ್ ಆದವರ ಬೀಜ ಕಡಿಮೆ ಇದ್ದರೆ ರಾಶಿಯನ್ನು ಎರಡು ಮಾಡಬೇಕು. ಓರಗಿತ್ತಿಯ ಹತ್ತಿರ 20 ಮಾತ್ರ ಉಳಿದಿದೆ, ಎಲ್ಲಾ ನೂಕಿದಳು. ಮೈದುನ, ಯಜಮಾನರು ಇಬ್ಬರೂ 60 ಇಟ್ಟರು. ಆಗ ಮೂವರಿಂದ ಇಪ್ಪತ್ತಿಪ್ಪತ್ತು ತೆಗೆದು 60ರ ಒಂದು ರಾಶಿ. ಗಂಡಸರಿಬ್ಬರ ಮಿಕ್ಕ ನಲವತ್ತು ನಲವತ್ತು ಸೇರಿ 80ರ ಇನ್ನೊಂದು ರಾಶಿ. ಓರಗಿತ್ತಿಯ ಎಲೆ ಎಲ್ಲರಿಗಿಂತ ದೊಡ್ಡದಾದರೂ ಅವಳಿಗೆ ಸಿಗುವುದು 60 ಮಾತ್ರ. 80 ಅವರಿಬ್ಬರಲ್ಲಿ ಯಾರ ಎಲೆ ಮೇಲೋ ಅವರಿಗೆ. ಇದನ್ನು ಆಟ ನಡೆಯುವಾಗಲೇ ಎರಡು ಗುಡ್ಡೆ ಮಾಡಿಟ್ಟುಬಿಡಿ. ಕೊನೆಗೆ ನೋಡೋಣ ಅಂದರೆ ಯಾರು ಎಷ್ಟು ಇಟ್ಟರು ಅಂತ ನೆನಪಿರುವುದಿಲ್ಲ.

ಮಧ್ಯದಲ್ಲಿ ಶೋ ಕೇಳುವುದು, ಪಕ್ಕದವರ ಹತ್ತಿರ ಸೈಡ್ ಶೋ ಕೇಳುವುದು ಪೋಕರ್‌ನಲ್ಲಿ ಇಲ್ಲವೇ ಇಲ್ಲ. ಎಲ್ಲರೂ ಬಿಟ್ಟು ನೀವೊಬ್ಬರೇ ಉಳಿದರೆ ಎಲೆ ತೋರಿಸದೆಯೇ ರಾಶಿ ತಗೊಳ್ಳಬಹುದು. "ಏನಿತ್ತು, ತೋರಿಸು" ಅಂತ ಎಷ್ಟು ಗೋಗರೆದರೂ ತೋರಿಸಬೇಡಿ. ನೋಡಬೇಕಿದ್ದರೆ ಬೀಜ ಕೊಟ್ಟು ನೋಡಬೇಕಿತ್ತು.

ಸರದಿ ಬರುವ ಮೊದಲು ಮಾತಾಡಬಾರದು. ನಿಮ್ಮ ಎಲೆ ಚೆನ್ನಾಗಿಲ್ಲ ಅಂತ ಮೊದಲೇ ಬಿಸಾಡಿದರೆ ನಿಮ್ಮ ಹಿಂದಿನವರಿಗೆ ಬಿಟ್ಟಿ ಸುದ್ದಿ ಕೊಟ್ಟ ಹಾಗೆ. ಏರಿಸುವಾಗ ಎಷ್ಟು ಅಂತ ಬಾಯಲ್ಲಿ ಹೇಳಿ, ಇಲ್ಲಾ ಬೀಜ ಎಲ್ಲಾ ಒಂದೇ ಸಲ ಮುಂದಿಡಿ. ಐದಿಟ್ಟು ಎದುರಿನವರ ಮುಖ ನೋಡಿ ಮತ್ತೆ ಐದಿಡುವುದು ನಡೆಯುವುದಿಲ್ಲ, ಮೊದಲಿಟ್ಟದ್ದೇ ಲೆಕ್ಕ. ಬಿಟ್ಟ ಎಲೆಯನ್ನು ಪಕ್ಕದಲ್ಲಿ ಕೂತ ಹೆಂಡತಿಗೂ ತೋರಿಸುವ ಹಾಗಿಲ್ಲ. ಅವಳಿನ್ನೂ ಆಟದಲ್ಲಿದ್ದರಂತೂ ಮಹಾಪರಾಧ.

ಯಾವ ಎಲೆ ಹಿಡಿಯಬೇಕು

ಹೊಸಬರು ಎಲ್ಲಾ ಆಟವನ್ನೂ ಆಡುತ್ತಾರೆ. ಅರ್ಧಕ್ಕಿಂತ ಜಾಸ್ತಿ ಸಲ ಬಿಡುವುದೇ ಸರಿಯಾದ ಆಟ. ಎರಡೆಲೆ ಜೋಡಿಯಾಗಿ ಬರುವುದು 17 ಸಲಕ್ಕೆ ಒಮ್ಮೆ. ಎಕ್ಕದ ಜೋಡಿ 221 ಸಲಕ್ಕೆ ಒಮ್ಮೆ, ಒಂದು ಹೊಸತೊಡಕು ಪೂರ್ತಿ ಕೂತರೂ ಬರದೆ ಹೋಗಬಹುದು. ದೊಡ್ಡ ಜೋಡಿ, ಎಕ್ಕ ರಾಜ, ಎಕ್ಕ ರಾಣಿ, ರಾಜ ರಾಣಿ ಬಂದರೆ ಏರಿಸಿ ಆಡಿ. ಚಿಕ್ಕ ಜೋಡಿ ಬಂದರೆ ಕಡಿಮೆ ಬೀಜಕ್ಕೆ ಸಿಕ್ಕಿದರೆ ಮಾತ್ರ ಫ್ಲಾಪ್ ನೋಡಿ. ಅದು ಫ್ಲಾಪ್‌ನಲ್ಲಿ ಮೂರಾಗುವುದು ಎಂಟೊಂಬತ್ತು ಸಲಕ್ಕೆ ಒಮ್ಮೆ. ಆಗದಿದ್ದರೆ, ಎದುರಿನವರು ಪಣ ಏರಿಸುತ್ತಿದ್ದರೆ ಬಿಟ್ಟುಬಿಡಿ. ಎರಡೂ ಒಂದೇ ಜಾತಿ ಅನ್ನುವ ಒಂದೇ ಕಾರಣಕ್ಕೆ ಡೈಮಂಡ್ ಒಂಬತ್ತು, ಡೈಮಂಡ್ ಮೂರು ಹಿಡಿದು ಕೂರುವವರು ನಮ್ಮಲ್ಲಿ ತುಂಬಾ. ಒಂದೇ ಜಾತಿಯ ಎರಡೆಲೆಗೆ ಫ್ಲಾಪ್‌ನಲ್ಲೇ ಫ್ಲಷ್ ಆಗುವುದು ನೂರು ಸಲಕ್ಕೆ ಒಮ್ಮೆಯೂ ಇಲ್ಲ.

ಬೇಕಾದ ಎಲೆ ಬರುವ ಸಾಧ್ಯತೆಗೆ ಒಂದು ಸುಲಭ ಲೆಕ್ಕ ಇದೆ. ನಿಮಗೆ ಕೆಲಸಕ್ಕೆ ಬರುವ ಎಲೆ ಇನ್ನೆಷ್ಟು ಉಳಿದಿವೆ ಎಣಿಸಿ. ಫ್ಲಾಪ್ ಆದಮೇಲೆ, ಇನ್ನೂ ಎರಡೆಲೆ ಬರುವುದಿದ್ದರೆ ಅದನ್ನು ನಾಲ್ಕರಿಂದ ಗುಣಿಸಿ. ಒಂದೇ ಎಲೆ ಬಾಕಿ ಇದ್ದರೆ ಎರಡರಿಂದ. ಒಂಬತ್ತು ಆಟೀನ್ ಬಾಕಿ ಅಂದರೆ 36, ಅಂದರೆ ನೂರಕ್ಕೆ ಮೂವತ್ತಾರು ಸಲ. ಸರಿಯಾದ ಲೆಕ್ಕ 35. ಸಾಕಲ್ಲ?

ಬ್ಲಫ್ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ನಾನು ಕೊನೆಗೆ ಹೇಳುತ್ತೇನೆ. ಎಲೆ ಇಲ್ಲದೆ ಹೆದರಿಸಿ ರಾಶಿ ತಗೊಳ್ಳುವುದು ಆಟದ ಭಾಗವೇ. ಆದರೆ ಬಿಡುವ ಬುದ್ಧಿ ಇರುವವರ ಎದುರು ಮಾತ್ರ ಅದು ನಡೆಯುತ್ತದೆ. ನಮ್ಮತ್ತೆ ಯಾವುದಕ್ಕೂ ಬಿಡುವವರಲ್ಲ. "ನೋಡೇಬಿಡಾಣ" ಅಂತ ಕೊನೆಯ ಅಡಿಕೆವರೆಗೂ ಬರುತ್ತಾರೆ. ಅವರೆದುರು ಬ್ಲಫ್ ಮಾಡುವುದು ಬೀಜ ದಾನ ಮಾಡಿದ ಹಾಗೆ. ಒಳ್ಳೆ ಎಲೆ ಬರುವವರೆಗೆ ಕಾದು ಆಮೇಲೆ ದೊಡ್ಡದಾಗಿ ಇಡಿ.

ಆಟ ಬೇಗ ಮುಗಿಯಬೇಕಾದರೆ ಅರ್ಧ ಗಂಟೆಗೊಮ್ಮೆ ಬ್ಲೈಂಡ್ ಎರಡರಷ್ಟು ಮಾಡಿ. 1 ಮತ್ತು 2 ಇದ್ದದ್ದು 2 ಮತ್ತು 4, ಆಮೇಲೆ 4 ಮತ್ತು 8. ಬೀಜ ಮುಗಿದವರು ಏಳುತ್ತಾರೆ, ಸಾಲ ಕೊಡುವ ಪದ್ಧತಿ ಇಟ್ಟುಕೊಳ್ಳಬೇಡಿ. ಇಬ್ಬರೇ ಉಳಿದಾಗ ಒಂದು ನಿಯಮ ಬದಲಾಗುತ್ತದೆ. ಬಟನ್ ಇರುವವರೇ ಸ್ಮಾಲ್ ಬ್ಲೈಂಡ್ ಇಡಬೇಕು. ಫ್ಲಾಪ್‌ಗೆ ಮೊದಲು ಅವರದ್ದೇ ಮೊದಲ ಮಾತು, ಫ್ಲಾಪ್ ಆದಮೇಲೆ ಎದುರಿನವರದ್ದು ಮೊದಲು.